ಮದ್ದಿನ ಬಿಲ್ಲಲ್ಲಿ ಕೋಡ್ ತಪ್ಪಿದರೆ ಯಾರ ಜೇಬಿಗೆ ಕತ್ತರಿ?

ಮದ್ದೂರಿನಲ್ಲಿ ಡಾಕ್ಟರ್ ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋದವರು ನೋಡೋದು ಬಿಲ್ಲಿನ ಕೊನೆಯ ಸಾಲು ಮಾತ್ರ. ಮೇಲಿನ ಸಣ್ಣಕ್ಷರ ಓದೋದು ತಪಾಸಣೆಗೆ ಬಂದವರು. ಅಮೆರಿಕದಲ್ಲಿ ಔಷಧದ ಕೋಡ್ ತಪ್ಪಿದರೆ ವಿಮಾ ಕಂಪನಿ ಅಂಗಡಿಯಿಂದ ದುಡ್ಡು ವಾಪಸ್ ಕೇಳುತ್ತೆ. ನಮ್ಮಲ್ಲಿ ಹೊರರೋಗಿಗಳು ಮಾತ್ರೆಗೆ ಬಹುತೇಕ ಕೈಯಿಂದಲೇ ಕೊಡೋದು. ಹಾಗಾಗಿ ತಪ್ಪಿನ ಭಾರವೂ ಅವರದೇ.

ಎಚ್‌ಎಸ್‌ಎನ್ ಕೋಡ್ ಮತ್ತು ತೆರಿಗೆ

ಚಿಲ್ಲರೆ ಮಾರಾಟದ ಬಹುತೇಕ ಔಷಧಗಳ ಕೋಡ್ 3004. ಅದೇ ಕೌಂಟರಿನ ಸೋಪು, ಪ್ರೋಟೀನ್ ಪುಡಿ ಇದರಡಿ ಬರಲ್ಲ. 2025ರ ಸೆಪ್ಟೆಂಬರ್ 22ರಿಂದ ಔಷಧಗಳ ಮೇಲಿನ ಶೇ 12ರ ಜಿಎಸ್‌ಟಿ ಶೇ 5ಕ್ಕೆ ಇಳಿಯಿತು. 33 ಜೀವರಕ್ಷಕ ಔಷಧಗಳಿಗೆ ತೆರಿಗೆಯೇ ಇಲ್ಲ. ಅಂದರೆ ಕೋಡ್ ಒಂದೇ ಇದ್ದರೂ ದರ ಬೇರೆ ಆಗಬಹುದು. ದರವನ್ನು ಔಷಧದ ಹೆಸರು ನೋಡಿಯೇ ಹಾಕಬೇಕು.

ಹಳೆ ದಾಸ್ತಾನಿಗೆ ಹೊಸ ಲೇಬಲ್ ಕಡ್ಡಾಯ ಇರಲಿಲ್ಲ, ಆದರೆ ಇಳಿದ ಬೆಲೆಗೆ ಮಾರೋದು ಕಡ್ಡಾಯ. ಶೇ 12 ತೆರಿಗೆ ಸೇರಿ 112 ರೂಪಾಯಿ ಇದ್ದ ಪಟ್ಟಿ ಈಗ 105 ಆಗಬೇಕು. ಸಾಫ್ಟ್‌ವೇರಿನಲ್ಲಿ ಹಳೆ ದರ ಉಳಿದಿದ್ದರೆ ಪ್ರತಿ ಪಟ್ಟಿಗೆ 7 ರೂಪಾಯಿ ಹೊರೆ. ದಿನಾ ಬಿಪಿ, ಶುಗರ್ ಮಾತ್ರೆ ನುಂಗುವವರಿಗೆ ಇದು ಸಣ್ಣದಲ್ಲ.

ಶೆಡ್ಯೂಲ್ ಎಚ್1

2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಪಟ್ಟಿ ಇದು. ಇದರಲ್ಲಿ ಪ್ರಬಲ ಆ್ಯಂಟಿಬಯೋಟಿಕ್‌ಗಳು, ಕ್ಷಯದ ಔಷಧಗಳು ಇವೆ. ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಪ್ರತ್ಯೇಕ ರಿಜಿಸ್ಟರಿಗೆ ಏರಬೇಕು. ಅದನ್ನು 3 ವರ್ಷ ಇಡಬೇಕು. ಬಿಲ್ಲಿಂಗ್‌ನಲ್ಲಿ ಎಚ್1 ಔಷಧವನ್ನು ಸಾದಾ ಎಚ್ ಅಂತ ಗುರುತಿಸಿದರೆ ಆ ಮಾರಾಟ ರಿಜಿಸ್ಟರಿನಿಂದಲೇ ಮಾಯ.

ತಪ್ಪು ತಡೆಯೋದು ಹೀಗೆ

- ಚೀಟಿಯಲ್ಲಿ ಸಹಿ, ದಿನಾಂಕ, ರೋಗಿಯ ಹೆಸರು, ಡೋಸ್, ಒಟ್ಟು ಪ್ರಮಾಣ ಇದೆಯಾ ನೋಡಿ.
- ಶೆಡ್ಯೂಲ್ ಎಚ್ ಔಷಧಕ್ಕೆ ಬದಲಿ ಬ್ರ್ಯಾಂಡ್ ಕೊಡೋದು ನಿಯಮ 65ರ ಪ್ರಕಾರ ತಪ್ಪು. ಒಂದು ಕೊಟ್ಟು ಇನ್ನೊಂದರ ಹೆಸರಲ್ಲಿ ಬಿಲ್ ಹಾಕಿದರೆ ಎರಡು ತಪ್ಪು.
- ಬ್ಯಾಚ್ ನಂಬರ್, ಎಕ್ಸ್‌ಪೈರಿಯನ್ನು ಕೈಯಲ್ಲಿರುವ ಪಟ್ಟಿ ನೋಡಿ ಹಾಕಿ. ಕಂಪನಿ ಔಷಧ ವಾಪಸ್ ಕರೆದರೆ ರೋಗಿಯನ್ನು ಹುಡುಕೋದು ಇದರಿಂದಲೇ.
- 10 ಮಾತ್ರೆಯನ್ನು 10 ಪಟ್ಟಿ ಅಂತ ಒತ್ತಿಬಿಡೋ ಅಪಾಯ ಇದೆ, ಯೂನಿಟ್ ನೋಡಿ.
- ತಿಂಗಳಿಗೊಮ್ಮೆ ಕೆಲವು ಬಿಲ್ಲುಗಳನ್ನು ಚೀಟಿ, ದಾಸ್ತಾನಿನ ಜತೆ ತಾಳೆ ಹಾಕಿ.

ಔಷಧ ನಿರೀಕ್ಷಕರು ವರ್ಷಕ್ಕೆ ಒಮ್ಮೆಯಾದರೂ ಬರಬೇಕು ಅನ್ನುತ್ತೆ ಕಾನೂನು. ಉಳಿದ 364 ದಿನ ಆಡಿಟರ್ ನೀವೇ. ಬಿಲ್ ಕೇಳಿ ಪಡೆಯಿರಿ, ಅಲ್ಲೇ ನಿಂತು ಓದಿ.