ಸದ್ದಲೇ! ದೇವರಗುಡ್ಡದ ಮೌನ ಮತ್ತು ನಾಲ್ಕು ಪುಟದ ದೆವ್ವಗಳು

ಹುಬ್ಬಳ್ಳಿಯಿಂದ ಹರಿಹರದ ಕಡೆ ಹೋಗುವ ರೈಲು ಬ್ಯಾಡಗಿ ದಾಟಿದ ಮೇಲೆ, ರಾಣೇಬೆನ್ನೂರು ಬರುವ ಮೊದಲು, ದೇವರಗುಡ್ಡ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಅಲ್ಲಿಯ ಗುಡ್ಡದ ಮೇಲೆ ಮಾಲತೇಶನ ಗುಡಿ. ನಾನು ಸಣ್ಣವನಿದ್ದಾಗ ನಮ್ಮ ಮನೆಯವರು ಮಹಾನವಮಿಗೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹುಲ್ಲು ಹಾಸಿಕೊಂಡು, ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಕಾರ್ಣಿಕ ಕೇಳುವುದಕ್ಕೆ.

ಕಾರ್ಣಿಕ ನೋಡದವರಿಗಾಗಿ ಎರಡು ಮಾತು. ವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ಕೆಳಗೆ ಸಾವಿರಾರು ಜನ, ಡಮರುಗ, ‘ಏಳುಕೋಟಿ’ಯ ಕೂಗು, ಮಕ್ಕಳ ಅಳು, ಭಂಡಾರದ ಧೂಳು. ಮೇಲಿನಿಂದ ಒಂದೇ ಶಬ್ದ ಬರುತ್ತದೆ: ‘ಸದ್ದಲೇ!’ ಆ ಕ್ಷಣದಲ್ಲಿ ಅಷ್ಟು ದೊಡ್ಡ ಜಾತ್ರೆ ಬಾಯಿ ಮುಚ್ಚುತ್ತದೆ. ಆಮೇಲೆ ಒಂದು ಸಾಲು, ಕೊನೆಗೆ ‘ಪರಾಕ್’, ಅಷ್ಟೇ. ಗೊರವಯ್ಯ ಕೆಳಗೆ ಧುಮುಕುತ್ತಾನೆ, ಜನ ಹಿಡಿದುಕೊಳ್ಳುತ್ತಾರೆ. ಆ ಸಾಲಿನ ಅರ್ಥವೇನು, ಮಳೆಯೋ ಬರವೋ, ಸರ್ಕಾರ ಬೀಳುತ್ತದೆಯೋ ಉಳಿಯುತ್ತದೆಯೋ ಎಂಬ ಚರ್ಚೆ ಮನೆಗೆ ಮರಳುವ ದಾರಿಯುದ್ದಕ್ಕೂ ನಡೆಯುತ್ತದೆ. ಮರುದಿನ ಪತ್ರಿಕೆಗಳಲ್ಲೂ ನಡೆಯುತ್ತದೆ.

ಕಾರ್ಣಿಕ ಭಯದ ಸಾಹಿತ್ಯ ಎಂದು ನಾನು ಹೇಳುತ್ತಿಲ್ಲ, ಭಕ್ತರು ಸಿಟ್ಟಾಗಬಾರದು. ಆದರೆ ಕಳೆದ ಕೆಲವು ವರ್ಷಗಳಿಂದ ಪ್ರಕಾಶಕರ ಹಂಗಿಲ್ಲದ ಕನ್ನಡ ಬರಹಗಾರರ ಸಣ್ಣ ದೆವ್ವದ ಕಥೆಗಳನ್ನು ಸಂಶೋಧನೆಗೆಂದು ಓದುತ್ತಿರುವ ನನಗೆ, ಆ ಕಥೆಗಳು ಯಾಕೆ ಹಿಡಿದು ಕೂರಿಸುತ್ತವೆ ಎಂದು ಯೋಚಿಸಿದಾಗಲೆಲ್ಲ ನೆನಪಾಗುವುದು ಆ ‘ಸದ್ದಲೇ’ಯ ನಂತರದ ಗಳಿಗೆ. ಹೇಳುವವನು ಒಂದೇ ಸಾಲು ಹೇಳಿ ಇಳಿದುಬಿಡುತ್ತಾನೆ. ಉಳಿದದ್ದನ್ನು ಕೇಳಿದವರು ತಮ್ಮ ತಮ್ಮ ಅಂಜಿಕೆಯಿಂದ ತುಂಬಿಕೊಳ್ಳುತ್ತಾರೆ. ರೈತನಿಗೆ ಅದು ಬರ, ರಾಜಕಾರಣಿಗೆ ಕುರ್ಚಿ.

ಅರ್ಧಕ್ಕೆ ನಿಲ್ಲಿಸುವ ಈ ವಿದ್ಯೆ ನಮ್ಮಲ್ಲಿ ಹಳೆಯದು. ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿರುವ ಬೇತಾಳ ಒಂದೊಂದು ಕಥೆಯನ್ನೂ ಪ್ರಶ್ನೆಗೆ ತಂದು ನಿಲ್ಲಿಸುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಒಡೆಯುತ್ತದೆ. ಚಂದಮಾಮ ಓದಿ ಬೆಳೆದ ತಲೆಮಾರಿಗೆ ಹೆಗಲ ಮೇಲೆ ಹೆಣ ಹೊತ್ತು ನಡೆಯುವ ಆ ರಾಜನ ಚಿತ್ರ ಇಂದಿಗೂ ಕಣ್ಣ ಮುಂದಿದೆ. ಅಮೆರಿಕದ ಎಡ್ಗರ್ ಅಲನ್ ಪೋ 1842ರಲ್ಲಿ ಹಾಥಾರ್ನ್‌ನ ಕಥೆಗಳ ಬಗ್ಗೆ ಬರೆಯುತ್ತ, ಕಥೆ ಒಂದೇ ಕೂರಿಕೆಯಲ್ಲಿ ಓದಿ ಮುಗಿಯುವಂತಿರಬೇಕು, ನಡುವೆ ಎದ್ದುಹೋದರೆ ಪರಿಣಾಮ ಕೆಡುತ್ತದೆ ಎಂಬ ಅರ್ಥದ ಮಾತು ಹೇಳಿದ. ಈ ಪೋ ತನ್ನ ಮೊದಲ ಪುಸ್ತಕವನ್ನು, ಅದೊಂದು ಕವನ ಸಂಕಲನ, 1827ರಲ್ಲಿ ತನ್ನ ಹೆಸರನ್ನೂ ಹಾಕದೆ ಸುಮಾರು 50 ಪ್ರತಿ ಮಾತ್ರ ಅಚ್ಚು ಹಾಕಿಸಿದ್ದ. ಲವ್‌ಕ್ರಾಫ್ಟ್ ಬೆಳೆದದ್ದೂ ಹವ್ಯಾಸಿಗಳು ತಾವೇ ಅಚ್ಚು ಹಾಕಿ ಹಂಚಿಕೊಳ್ಳುತ್ತಿದ್ದ ಪತ್ರಿಕೆಗಳಲ್ಲಿ. ಅವನ ‘ಡೇಗನ್’ ಕಥೆ 1919ರಲ್ಲಿ ಬಂದದ್ದು ಅಂಥದೊಂದರಲ್ಲೇ. ಭಯದ ಕಥೆಗೆ ದೊಡ್ಡ ಪ್ರಕಾಶಕರ ಬಾಗಿಲು ಮೊದಲಿನಿಂದಲೂ ಸಲೀಸಾಗಿ ತೆರೆದದ್ದಲ್ಲ.

ನಮ್ಮ ಜಿಲ್ಲೆಗೆ ಬಂದರೆ, ಪ್ರಕಾಶಕರನ್ನು ನೆಚ್ಚದೆ ಓದುಗರ ಮನೆ ಬಾಗಿಲಿಗೇ ಹೋದ ಬರಹಗಾರ ಎಂದೊಡನೆ ನೆನಪಾಗುವವರು ಗಳಗನಾಥರು. ಹಾವೇರಿ ತಾಲ್ಲೂಕಿನ ಹಾವನೂರಿನ ವೆಂಕಟೇಶ ತಿರಕೋ ಕುಲಕರ್ಣಿ (1869–1942). ಶಾಲಾ ಮಾಸ್ತರಿಕೆ ಬಿಟ್ಟು, ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ನಡೆಸಿದರು. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ದೆವ್ವದ ಕಥೆ ಬರೆದವರಲ್ಲ ಅವರು. ಅವರದು ಇತಿಹಾಸ, ನೀತಿ, ಧರ್ಮ. ನನ್ನ ಪ್ರಬಂಧದಲ್ಲಿ ಅವರನ್ನು ತಂದದ್ದಕ್ಕೆ ಒಬ್ಬ ಹಿರಿಯರು, ‘ಗಳಗನಾಥರನ್ನು ಮೊಬೈಲ್ ಕಥೆಗಾರರ ಪಕ್ಕ ಕೂರಿಸ್ತೀಯೇನಪ್ಪಾ?’ ಎಂದು ನಕ್ಕರು. ಕೂರಿಸುತ್ತೇನೆ. ಬರೆದವನೇ ಹೊತ್ತು ಮಾರುವಾಗ ಓದುಗನ ಮುಖ ಎದುರಿಗೇ ಇರುತ್ತದೆ, ಯಾವ ಪುಟದಲ್ಲಿ ಆಕಳಿಸಿದ ಎಂಬುದು ಗೊತ್ತಾಗುತ್ತದೆ. ಇಂದಿನ ಕಥೆಗಾರನಿಗೂ ಇರುವುದು ಅದೇ ಲಾಭ, ಅದೇ ಅಪಾಯ.

ಗಳಗನಾಥರ ನಂತರ ಬಸ್‌ಸ್ಟ್ಯಾಂಡಿನ ಅಂಗಡಿಗಳ ಕಾಲ ಬಂತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಕನ್ನಡ ಓದುವ ರೂಢಿ ಬೆಳೆಸಿಕೊಂಡವರು ಎಷ್ಟು ಜನವೋ. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಮಾತ್ರ ಆ ಸಾಲಿಗೆ ಒಂದು ಪ್ಯಾರಾ ಸಿಕ್ಕರೆ ಹೆಚ್ಚು.

ಬರಹಗಾರನೇ ಇಲ್ಲದ ಕಥೆಯೂ ಒಂದಿದೆ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ, ಬಾಗಿಲ ಮೇಲೆ ಸುಣ್ಣ ಇಲ್ಲವೇ ಇದ್ದಿಲಿನಲ್ಲಿ ಬರೆದ ಎರಡು ಶಬ್ದ: ‘ನಾಳೆ ಬಾ’. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದರೆ ಸಾವು; ಬರೆದದ್ದನ್ನು ಓದಿ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಕನ್ನಡದ ಅತ್ಯಂತ ಚಿಕ್ಕ ಭಯದ ಕಥೆ ಇದೇ ಇರಬೇಕು. ಇದರಲ್ಲಿ ನಗುವೂ ಇದೆ: ನಮ್ಮ ದೆವ್ವ ಸಾಕ್ಷರವಾಗಿತ್ತು, ಹೇಳಿದ ಮಾತು ಕೇಳುತ್ತಿತ್ತು. 2018ರ ಹಿಂದಿ ಸಿನಿಮಾ ‘ಸ್ತ್ರೀ’ ಇದೇ ಗಾಳಿಮಾತಿನ ಎಳೆ ಹಿಡಿದು ಬಂತು.

2014ರಲ್ಲಿ ಪ್ರತಿಲಿಪಿ ಶುರುವಾಗಿ, ಕನ್ನಡದಲ್ಲಿ ಯಾರು ಬೇಕಾದರೂ ಬರೆದು ಹಾಕಬಹುದಾದ ಮೇಲೆ ಹಾರರ್ ಎಂಬ ವಿಭಾಗ ತುಂಬತೊಡಗಿತು. ಅಲ್ಲಿ ಓದುವಾಗ ಕಾಗುಣಿತದ ತಪ್ಪುಗಳು ಕಣ್ಣಿಗೆ ಚುಚ್ಚುತ್ತವೆ, ಬಿಳಿ ಸೀರೆ ಬೇಸರ ತರಿಸುತ್ತದೆ. ಕಥೆಗೆ ಜನ ಸೇರಿದ್ದು ಕಂಡರೆ ಬರಹಗಾರ ಅದನ್ನು ಎಂಬತ್ತು ಕಂತಿಗೆ ಎಳೆಯುತ್ತಾನೆ. ಹತ್ತನೆಯ ಕಂತಿಗೆ ದೆವ್ವ ಮನೆಯ ನೆಂಟನಾಗಿರುತ್ತದೆ. ಆದರೆ ನಾಲ್ಕೇ ಪುಟದಲ್ಲಿ ನಿಂತ ಕೆಲವು ಕಥೆಗಳು ಇವೆಯಲ್ಲ, ಅವನ್ನು ರಾತ್ರಿ ಹಾಸ್ಟೆಲಿನಲ್ಲಿ ಓದಿ ಮುಗಿಸಿ ನಾನು ಕಾರಿಡಾರಿನ ದೀಪ ಹಾಕಿ ಬಂದದ್ದುಂಟು. ಅವುಗಳಲ್ಲಿ ಹವೇಲಿ, ಸ್ಮಶಾನ ಇಲ್ಲ. ಬಾಡಿಗೆ ಕೋಣೆ, ರಾತ್ರಿಪಾಳಿಯ ಕೊನೆಯ ಬಸ್ಸು, ಬಾಣಂತಿ ಮಲಗಿದ್ದ ಕೋಣೆ, ಮುಚ್ಚಿದ ಬಾವಿ ಇವೆ. ಬರೆದವರು ತಾವು ಕಂಡ ಜಾಗದಲ್ಲೇ ನಿಂತು ಬರೆದಿದ್ದಾರೆ, ಅದನ್ನು ತಿದ್ದಿ ‘ಸಾಹಿತ್ಯ’ ಮಾಡುವ ಸಂಪಾದಕ ನಡುವೆ ಬಂದಿಲ್ಲ.

ಅವುಗಳನ್ನು ಸಾಲಾಗಿ ಓದುತ್ತ ಹೋದಂತೆ ಇನ್ನೊಂದು ಸಂಗತಿ ಕಂಡಿತು. ದೆವ್ವ ಹೆಚ್ಚಾಗಿ ಹೆಂಗಸು, ಆಕೆ ಹೆಚ್ಚಾಗಿ ಸೊಸೆ. ಸತ್ತದ್ದು ಬಾವಿಯಲ್ಲಿ, ಬೆಂಕಿಯಲ್ಲಿ ಅಥವಾ ಹೆರಿಗೆಯಲ್ಲಿ. ಮನೆಯವರು ‘ಕಾಲು ಜಾರಿತು’, ‘ಸ್ಟೋ ಸಿಡಿಯಿತು’ ಎಂದಿರುತ್ತಾರೆ. ಪೊಲೀಸ್ ಠಾಣೆಯ ಕಡತದಲ್ಲೂ ಅಷ್ಟೇ ಇರುತ್ತದೆ. ಕಥೆಯಲ್ಲಿ ಮಾತ್ರ ಆಕೆ ಮರಳಿ ಬರುತ್ತಾಳೆ. ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಇದು ಬರೀ ಮನರಂಜನೆ ಎನಿಸುವುದಿಲ್ಲ. ದಾಖಲೆ ಬರೆಯದೆ ಬಿಟ್ಟದ್ದು ಇಲ್ಲಿ ಓಡಾಡುತ್ತಿದೆ.

ಹಾಗೆಂದು ದೆವ್ವದ ಮಾತನ್ನೆಲ್ಲ ಮುದ್ದು ಮಾಡಬೇಕಿಲ್ಲ. ದೆವ್ವ ಬಡಿದಿದೆ ಎಂದು ಹೆಂಗಸರನ್ನು ಕಟ್ಟಿಹಾಕಿ ಹೊಡೆಯುವುದು ನಮ್ಮಲ್ಲಿ ಇತ್ತು, ಇದೆ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಅದನ್ನು ಅಪರಾಧವೆಂದು ಹೆಸರಿಸಿದೆ; ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಕಥೆಯಲ್ಲಿ ಸತ್ತ ಹೆಂಗಸಿಗೆ ದನಿ ಕೊಡುವ ಅದೇ ನಂಬಿಕೆ ಅಂಗಳದಲ್ಲಿ ಬದುಕಿರುವ ಹೆಂಗಸಿನ ಬೆನ್ನಿಗೆ ಬಾರುಕೋಲು ಆಗುತ್ತದೆ. ಈ ಗಂಟನ್ನು ನನ್ನ ಪ್ರಬಂಧ ಇನ್ನೂ ಬಿಡಿಸಿಲ್ಲ.

ನಮ್ಮ ಆಯಿ ದೇವರಗುಡ್ಡದಿಂದ ಮರಳಿದ ರಾತ್ರಿ ಪಡಸಾಲೆಯಲ್ಲಿ ನಮ್ಮನ್ನು ಮಲಗಿಸಿಕೊಂಡು ಒಂದು ಕಥೆ ಹೇಳುತ್ತಿದ್ದಳು. ಹೊಲದ ಹಾಳುಬಾವಿ, ನೀರು ಬತ್ತಿದೆ, ಹಗ್ಗವೂ ಇಲ್ಲ. ಕತ್ತಲಾದ ಮೇಲೆ ಎತ್ತು ಹೊಡೆದುಕೊಂಡು ಬರುವ ಒಬ್ಬನಿಗೆ ಬಾವಿಯ ಗಾಲಿ ತಿರುಗುವ ಸಪ್ಪಳ ಕೇಳುತ್ತದೆ. ‘ಯಾರವ್ವಾ ಅದು?’ ಅನ್ನುತ್ತಾನೆ. ಗಾಲಿ ನಿಲ್ಲುತ್ತದೆ.

‘ಮುಂದ ಏನಾತು ಆಯಿ?’

‘ಮುಂದೇನೈತಿ? ಬಾಗಲಾ ಹಾಕ್ಯಾರೇನ ನೋಡ್ ಹೋಗು.’

ಪ್ರತಿ ಸಲವೂ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಎದ್ದು ಹೋಗಿ ಅಗಳಿ ಮುಟ್ಟಿ ಬರುವ ಆ ಹತ್ತು ಹೆಜ್ಜೆಗಳಲ್ಲಿ ನನಗೆ ಕಥೆ ನಿಜವಾಗಿ ಶುರುವಾಗುತ್ತಿತ್ತು.

ಕ್ಷೇತ್ರಕಾರ್ಯಕ್ಕೆಂದು ಎರಡು ವರ್ಷದ ಹಿಂದೆ ಊರಿಗೆ ಹೋದಾಗ ನಮ್ಮ ಅತ್ತೆ, ಅಪ್ಪನ ಅಕ್ಕ, ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಹೇಳಿದಳು: ಆಯಿಗೆ ಒಬ್ಬ ಹಿರೀ ನೆಗೆಣ್ಣಿ ಇದ್ದಳಂತೆ. ಮದುವೆಯಾಗಿ ಮೂರನೆಯ ವರ್ಷ ಅದೇ ಬಾವಿಯಲ್ಲಿ ಸತ್ತಳು. ಕಾಲು ಜಾರಿ, ಎಂದರು. ದೊಡ್ಡಜ್ಜನ ಎರಡನೆಯ ಮದುವೆ ಆ ವರ್ಷವೇ ಆಯಿತು. ಮೊದಲನೆಯವಳ ಫೋಟೋ ಇಲ್ಲ, ಮನೆಯಲ್ಲಿ ಹೆಸರು ಎತ್ತುವಂತಿರಲಿಲ್ಲ.

ಹೆಸರೇನು ಎಂದು ಕೇಳಿದೆ. ಅತ್ತೆ ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಕೂತಳು. ತನಗೆ ಗೊತ್ತಿಲ್ಲ ಎಂದಳು. ಗೊತ್ತಿದ್ದ ಆಯಿ ತೀರಿಹೋಗಿ ಆಗಲೇ ಆರು ವರ್ಷವಾಗಿತ್ತು.