ಮಣಿಯೂ ತಂತಿಯೂ

ಕಲಬುರಗಿಯ ಜೇವರ್ಗಿ ಕಾಲೋನಿಯಂತಹ ಬಡಾವಣೆಗಳಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಸಣ್ಣ ತಂತಿಗೆ ಬಣ್ಣದ ಮಣಿಗಳನ್ನು ಪೋಣಿಸಿ ಓಲೆ, ಸರ, ಬಾಗಿಲ ತೋರಣಗಳನ್ನು ಮಾಡುವುದು ಹಲವು ಹೆಣ್ಣುಮಕ್ಕಳಿಗೆ ಪ್ರಿಯವಾದ ಹವ್ಯಾಸವಾಗಿದೆ. ವಿದ್ಯಾವಂತರಲ್ಲಿ ಕೆಲವರು ಇದನ್ನು ಹೊತ್ತು ಕಳೆಯುವ ಆಟವೆಂದು ನಗುವುದುಂಟು. ಇತಿಹಾಸವನ್ನು ಪಾಠ ಹೇಳುವ ನಮಗೆ ಹಾಗೆ ನಗಲು ಧೈರ್ಯ ಸಾಲದು. ಯಾತಕ್ಕೆಂದರೆ, ಈ ನಾಡಿನ ಕಲ್ಲಿನ ಮೇಲೆ ಅಕ್ಷರ ಮೂಡುವುದಕ್ಕೆ ಎಷ್ಟೋ ಮುಂಚೆ ಇಲ್ಲಿಯ ಮಣಿಗಳಿಗೆ ತೂತು ಬಿದ್ದಿತ್ತು.

ಕಲಬುರಗಿಯಿಂದ ದಕ್ಷಿಣಕ್ಕೆ ಭೀಮೆಯನ್ನೂ ಕೃಷ್ಣೆಯನ್ನೂ ದಾಟಿ ಹೋದರೆ ರಾಯಚೂರು ಜಿಲ್ಲೆಯ ಮಸ್ಕಿ ಸಿಕ್ಕುವುದು. 1915ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರು ಚಿನ್ನವನ್ನು ಅರಸುತ್ತ ಹೋಗಿ ಅಶೋಕನ ಹೆಸರುಳ್ಳ ಶಾಸನವನ್ನು ಕಂಡದ್ದು ಅಲ್ಲಿಯೇ. ಆ ಶಾಸನದ ಕೀರ್ತಿಯ ಮುಂದೆ ಮಸ್ಕಿಯ ಮಣಿಗಳು ಮಂಕಾಗಿ ಹೋದುವು. 1954ರಲ್ಲಿ ಬಿ. ಕೆ. ಥಾಪರ್ ಅವರು ಅಗೆಸಿದಾಗ ಅಶೋಕನಿಗೂ ಶತಮಾನಗಳಷ್ಟು ಹಿಂದಿನ ಪದರಗಳಲ್ಲಿ ಅಗೇಟು, ಕೆಂಪು ಕಾರ್ನೀಲಿಯನ್, ಶಂಖ ಮೊದಲಾದವುಗಳ ಮಣಿಗಳು ದೊರೆತುವು. ಸಮುದ್ರವು ಮಸ್ಕಿಗೆ ನೂರು ಮೈಲಿಗೂ ಹೆಚ್ಚು ದೂರ. ಆದುದರಿಂದ ಆ ಶಂಖವನ್ನು ಯಾರೋ ಹೊತ್ತು ತಂದಿರಬೇಕು, ಅದಕ್ಕೆ ಬದಲಾಗಿ ಇಲ್ಲಿಂದ ಏನನ್ನೋ ಹೊತ್ತು ಹೋಗಿರಬೇಕು. ಅಗೇಟಿಗಾದರೋ ಅಷ್ಟು ದೂರ ಹೋಗಬೇಕಾದುದಿಲ್ಲ. ಕಲಬುರಗಿಯ ಉತ್ತರ ಸೀಮೆಯ ಎರೆಮಣ್ಣು ಯಾವ ಕಪ್ಪು ಶಿಲೆ ಕರಗಿ ಆಯಿತೋ, ಆ ದಖ್ಖನ್ ಶಿಲೆಯ ಗುಳ್ಳೆಗಳೊಳಗೇ ಅದು ಪದರಪದರವಾಗಿ ಬೆಳೆಯುವುದು.

ಮಣಿಯ ಕೆಲಸದಲ್ಲಿ ಕಷ್ಟವಿರುವುದು ಹೊಳಪು ಕೊಡುವುದರಲ್ಲಿಯಲ್ಲ, ತೂತಿನಲ್ಲಿ. ಅಗೇಟನ್ನು ಸಾಮಾನ್ಯವಾದ ಚೂರಿಯಿಂದ ಗೀರಿದರೆ ಗೆರೆ ಬೀಳದು. ಅಂತಹ ಕಲ್ಲಿಗೆ, ಉಕ್ಕನ್ನೇ ಕಾಣದ ಕಾಲದಲ್ಲಿ, ಒಂದು ಕಡೆಯಿಂದ ಅರ್ಧ, ತಿರುಗಿಸಿ ಇನ್ನೊಂದು ಕಡೆಯಿಂದ ಅರ್ಧ, ಹೀಗೆ ಕೊರೆದು ಎರಡು ರಂಧ್ರಗಳನ್ನು ನಡುವೆ ಕೂಡಿಸುತ್ತಿದ್ದರು. ಹಳೆಯ ಮಣಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಎಷ್ಟೋ ಸಲ ತೂತಿನ ನಡುವು ಬಡವಾಗಿ ಡಮರುಗದ ಆಕಾರವಾಗಿರುವುದು. ಕೊರೆದವನ ಕೈ ಕೂದಲೆಳೆಯಷ್ಟು ತಪ್ಪಿದ್ದರೂ ಅಲ್ಲಿ ಗೊತ್ತಾಗುತ್ತದೆ.

ಗಾಜು ಬಂದ ಮೇಲೆ ಈ ಶ್ರಮ ತಗ್ಗಿತು. ಪುದುಚೇರಿಯ ಹತ್ತಿರದ ಅರಿಕಮೇಡು ಇದಕ್ಕೆ ಪ್ರಸಿದ್ಧವಾದ ಸ್ಥಳ. ವೀಲರ್ ಅವರು 1945ರಲ್ಲಿ ಅಲ್ಲಿಯೂ 1947ರಲ್ಲಿ ನಮ್ಮ ಬ್ರಹ್ಮಗಿರಿಯಲ್ಲಿಯೂ ಅಗೆಸಿದರು. ಕಾದ ಗಾಜನ್ನು ಟೊಳ್ಳಾದ ಕೊಳವೆಯಾಗಿ ಉದ್ದಕ್ಕೆ ಎಳೆದು, ಆರಿದ ಮೇಲೆ ತುಂಡುತುಂಡಾಗಿ ಕತ್ತರಿಸಿ, ಮತ್ತೆ ಬಿಸಿ ಮಾಡಿ ಅಂಚನ್ನು ದುಂಡಾಗಿಸುವುದು ಅಲ್ಲಿಯ ಕ್ರಮ. ತೂತು ಮೊದಲೇ ಇರುವುದರಿಂದ ಕೊರೆಯುವ ಮಾತೇ ಇಲ್ಲ. ಮಣಿಯು ಬಡವರ ಕೊರಳಿಗೂ ಇಳಿದು ಬಂದದ್ದು ಈ ಉಪಾಯದಿಂದ ಎಂದು ನಮ್ಮ ಎಣಿಕೆ. ಮುತ್ತೈದೆಯರ ಕರಿಮಣಿಯೂ ಗಾಜೇ ಅಲ್ಲವೆ?

ಇನ್ನು ತಂತಿ. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅವರು ನವಶಿಲಾಯುಗದ ನೆಲೆಯನ್ನು ಅಗೆದಾಗ ಸುರುಳಿ ಸುತ್ತಿದ ಚಿನ್ನದ ಆಭರಣಗಳು ಸಿಕ್ಕಿದುವು. ಮುಂದಿನ ಕಾಲದ ಅಕ್ಕಸಾಲಿಗರು ಕಮ್ಮಚ್ಚೆಂಬ ಉಕ್ಕಿನ ಫಲಕದ ತೂತುಗಳಲ್ಲಿ, ದೊಡ್ಡದರಿಂದ ಸಣ್ಣದಕ್ಕೆ, ಲೋಹವನ್ನು ಎಳೆದೆಳೆದು ತಂತಿ ಮಾಡಿದರು. ಇಕ್ಕಳ ಹಿಡಿದ ಇಂದಿನ ಹವ್ಯಾಸಿಗೆ ತಿಳಿದ ಒಂದು ಸಂಗತಿ ಅವರಿಗೂ ತಿಳಿದಿತ್ತು: ತಂತಿಯನ್ನು ಬಗ್ಗಿಸಿದಷ್ಟೂ ಅದು ಗಡುಸಾಗುವುದು, ಕೊನೆಗೆ ಮುರಿಯುವುದು, ಬೆಂಕಿಗೆ ಹಿಡಿದರೆ ಮತ್ತೆ ಮೆತ್ತಗಾಗುವುದು. ಬೀದರಿನ ಬಿದರಿ ಕೆಲಸವೆಲ್ಲ ಬೆಳ್ಳಿ ತಂತಿಯ ಈ ಮೆತ್ತನೆಯ ಗುಣದ ಮೇಲೆಯೇ ನಿಂತಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯಲ್ಲಿ ಚಾಣದಿಂದ ಗೆರೆ ಕೆತ್ತಿ, ಬೆಳ್ಳಿ ತಂತಿಯನ್ನು ಗೆರೆಯೊಳಗೆ ಬಡಿದು ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರವನ್ನು ಕಲಸಿ ತಿಕ್ಕುವರು. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ.

ಈ ಬೀದರಿಗೂ ಕಲಬುರಗಿಗೂ ನಡುವಣ ಹೆದ್ದಾರಿಯಲ್ಲಿ ಕಮಲಾಪುರವಿದೆ. ಊರಿಗೆ ಹೆಸರು ತಂದದ್ದು ಅಲ್ಲಿಯ ಕೆಂಪು ಬಾಳೆಹಣ್ಣು. ನಮ್ಮ ವಿಷಯಕ್ಕೆ ಅದು ಸೇರದು, ಆದರೆ ಆ ದಾರಿಯಲ್ಲಿ ಹೋಗುವವರು ಅದನ್ನು ತಿನ್ನದೆ ಹೋಗುವುದು ಅನ್ಯಾಯ. ನಮಗೆ ಬೇಕಾದುದು ಸುತ್ತಣ ಲಂಬಾಣಿ ತಾಂಡಾಗಳು. ಮಣಿಯನ್ನು ಹವ್ಯಾಸಕ್ಕಲ್ಲದೆ ಬಾಳಿಗಾಗಿ ಪೋಣಿಸಿದ ಜನರು ಇವರು. ಲಂಬಾಣಿ ಹೆಂಗಸು ಫೇಟಿಯಾ ಎಂಬ ಲಂಗಕ್ಕೂ ಕಾಂಚಳಿಯೆಂಬ ರವಿಕೆಗೂ ಕನ್ನಡಿಯ ಚೂರು, ಕವಡೆ, ಗಾಜಿನ ಮಣಿ, ಹಳೆಯ ನಾಣ್ಯಗಳನ್ನು ಸೇರಿಸಿ ಹೊಲಿಯುತ್ತಿದ್ದಳು. ಕೊರಳಿಗೆ ಹಸಲಿ, ಕೆನ್ನೆಯ ಬದಿಯಲ್ಲಿ ಕೂದಲಿಗೆ ಕಟ್ಟಿ ಇಳಿಬಿಟ್ಟ ಘೂಗರಿ, ತೋಳಿನ ತುಂಬ ಬಲಿಯಾ.

ಇಷ್ಟು ಭಾರವನ್ನು ಮೈಮೇಲೆ ಏಕೆ ಹೊರಬೇಕು? ಬಂಜಾರರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಉಪಖಂಡವನ್ನೆಲ್ಲ ಸುತ್ತಿದವರು. ಮೊಗಲರ ದಂಡು ದಖ್ಖನಿಗೆ ಇಳಿದಾಗ ಅದಕ್ಕೆ ಅನ್ನ ಒದಗಿಸಿದವರಲ್ಲಿ ಇವರೂ ಉಂಟು. ನಿಂತ ಮನೆಯಿಲ್ಲದವರಿಗೆ ಪೆಟ್ಟಿಗೆಯೆಲ್ಲಿಯದು? ಉಳಿಸಿದ ಹಣ ಮೈಮೇಲಿತ್ತು. ಕವಡೆಯೂ ಒಂದು ಕಾಲಕ್ಕೆ ನಾಣ್ಯವಾಗಿ ನಡೆದುದೇ ಎಂಬುದನ್ನು ಮರೆಯಬಾರದು. 1871ರಲ್ಲಿ ಮುಂಬಯಿಯಿಂದ ಕಲಬುರಗಿಯ ಮೇಲೆ ಬಂದ ರೈಲುದಾರಿ ರಾಯಚೂರಿನಲ್ಲಿ ಮದರಾಸಿನ ದಾರಿಯೊಂದಿಗೆ ಕೂಡಿತು. ಎತ್ತಿನ ಹೇರು ವಾರಗಟ್ಟಲೆ ನಡೆದು ಮುಟ್ಟಿಸುತ್ತಿದ್ದ ದವಸವನ್ನು ಗಾಡಿ ದಿನಗಳಲ್ಲಿ ಮುಟ್ಟಿಸಿತು. ಅದೇ 1871ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡುವ ಕಾನೂನು ಹೊರಟಿತು. ಕಾಲಕ್ರಮದಲ್ಲಿ ಕೆಲವು ಪ್ರಾಂತಗಳಲ್ಲಿ ಬಂಜಾರರ ಹೆಸರೂ ಆ ಪಟ್ಟಿಗೆ ಬಿದ್ದಿತು. ಅದು ರದ್ದಾದದ್ದು 1952ರಲ್ಲಿ. ಹರದಾರಿ ದೂರದಿಂದ ಗುರುತು ಸಿಕ್ಕುವ ಉಡುಪು ಅಂತಹ ದಿನಗಳಲ್ಲಿ ತೊಟ್ಟವರಿಗೆ ಹಿತವಾಗಿದ್ದಿರಲಾರದು.

ಈಗಲಾದರೋ ತಾಂಡಾದ ಅಜ್ಜಿಯರು ತೊಟ್ಟುದನ್ನು ಮೊಮ್ಮಕ್ಕಳು ಮದುವೆ, ಹಬ್ಬಗಳಲ್ಲದೆ ತೊಡರು. ನಾವು ಅವರನ್ನು ದೂರುವುದಿಲ್ಲ. ಶಾಲೆಗೆ ಹೋಗುವ ಹುಡುಗಿ ಅಷ್ಟು ತೂಕ ಹೊತ್ತು ನಡೆಯಬೇಕೆಂದು ಬಯಸಲು ನಮಗೆ ಅಧಿಕಾರವಿಲ್ಲ. ನಮ್ಮ ಆಕ್ಷೇಪವೆಲ್ಲ ಪಟ್ಟಣದವರ ಮೇಲೆ. ಹಳೆಯ ಫೇಟಿಯಾಗಳನ್ನು ವ್ಯಾಪಾರಿಗಳು ಕೊಂಡು, ಕತ್ತರಿಸಿ, ಚೀಲ, ದಿಂಬಿನ ಗವಸು ಮಾಡಿ ಮಾರುವರು. ಕೊಂಡವರು ಅದನ್ನು ಮೆಚ್ಚಿ ದಿವಾನಖಾನೆಯಲ್ಲಿಡುವರು. ಹೊಲಿದವಳು ರಸ್ತೆಯಲ್ಲಿ ಎದುರಾದರೆ ದಾರಿ ಬಿಟ್ಟು ನಡೆಯುವರು. ಒಬ್ಬಳ ಕೈಯಲ್ಲಿ ಕಲೆಯಾದದ್ದು ಇನ್ನೊಬ್ಬಳ ಮೈಮೇಲೆ ಹಿಂದುಳಿದಿರುವಿಕೆಯಾಗುವುದು ಹೇಗೆ?

ಸಂಡೂರಿನಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿಯ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ದೊರೆಯಿತು. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ಸಮಯದಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ವಸ್ತುಗಳನ್ನು ಒಂದೆಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಹೊಲಿದವರಿಗೆ ಕೂಲಿಯೂ ಸಿಕ್ಕಿತು, ಹೆಸರೂ ಸಿಕ್ಕಿತು. ಆದರೆ ಆ ಗುರುತು ಸಂಡೂರಿನ ಹೆಸರಿಗೆ ಕಟ್ಟಿದುದು. ಕಮಲಾಪುರದ ತಾಂಡಾಗಳಿಗೆ ಅದು ಸಲ್ಲದು.

ಜೇವರ್ಗಿ ಕಾಲೋನಿಯಿಂದ ಆ ತಾಂಡಾಗಳಿಗೆ ಬಸ್ಸಿನ ಪಯಣ ದೀರ್ಘವಲ್ಲ. ಮಣಿ ಪೋಣಿಸುವ ಹವ್ಯಾಸಿಗಳಲ್ಲಿ ಒಬ್ಬಿಬ್ಬರು ಹೋಗಿ, ಹಳೆಯ ಬಟ್ಟೆಯನ್ನು ಕೊಳ್ಳುವ ಬದಲು, ಒಂದು ಕಾಂಚಳಿಯನ್ನು ತಿರುವಿ ಒಳಬದಿಯನ್ನು ನೋಡಲಿ. ದಾರ ಎಲ್ಲಿ ಹೊಕ್ಕಿದೆ, ಕನ್ನಡಿಯನ್ನು ಹೇಗೆ ಹಿಡಿದು ನಿಲ್ಲಿಸಿದೆ, ಒಂದು ಮಣಿ ಉದುರಿದರೆ ಮಿಕ್ಕವು ಏಕೆ ಉದುರುವುದಿಲ್ಲ ಎಂಬುದೆಲ್ಲ ಅಲ್ಲಿ ಕಾಣುವುದು. ಆ ಹೊಲಿಗೆಗೆ ಅವರ ಭಾಷೆಯಲ್ಲಿ ಏನು ಹೆಸರೆಂದು ಅಜ್ಜಿಯನ್ನೇ ಕೇಳಿ ಬರೆದುಕೊಳ್ಳಲಿ. ಕಲಿಸಿದುದಕ್ಕೆ ಕೂಲಿ ಕೊಡಲಿ. ನಮ್ಮ ಕಾಲೇಜುಗಳಿಗೆ ತಾಂಡಾಗಳಿಂದ ಬರುವ ವಿದ್ಯಾರ್ಥಿನಿಯರು ದುಭಾಷಿಗಳಾಗಿ ಜೊತೆಗೆ ಹೋಗಬಹುದು.