ಒಂದೇ ತಂತಿ, ಇಬ್ಬರು ಯಜಮಾನರು

ಮುಂಬೈಯಲ್ಲೋ ಪುಣೆಯಲ್ಲೋ ಇದ್ದುಕೊಂಡು ಊರಿಗೆ ಫೋನ್ ಮಾಡುತ್ತಿದ್ದ ತಲೆಮಾರಿಗೆ ಎಸ್‌ಟಿಡಿ ಬೂತಿನ ಕೆಂಪು ಅಂಕಿಗಳು ಮರೆತಿರಲಾರವು. ರಾತ್ರಿ ದರ ಇಳಿಯುವವರೆಗೆ ಕಾದು, ಸಾಲಿನಲ್ಲಿ ನಿಂತು, ಮೀಟರಿನ ಮೇಲೊಂದು ಕಣ್ಣಿಟ್ಟು ಅಮ್ಮನ ಜೊತೆ ಮಾತಾಡುತ್ತಿದ್ದ ಕಾಲ ಅದು. ಪಕ್ಕದ ಬೀದಿಗೆ ಒಂದು ದರ, ಧಾರವಾಡಕ್ಕೋ ಮಂಗಳೂರಿಗೋ ಇನ್ನೊಂದು ದರ. ಆದರೆ ಎರಡನ್ನೂ ನಿಗದಿ ಮಾಡುತ್ತಿದ್ದುದು ದೆಹಲಿಯೇ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 31ನೆಯ ನಮೂದು ಅಂಚೆ, ತಂತಿ, ದೂರವಾಣಿ, ನಿಸ್ತಂತು, ಪ್ರಸಾರ ಎಲ್ಲವನ್ನೂ ಒಟ್ಟಾಗಿ ಕೇಂದ್ರಕ್ಕೆ ಒಪ್ಪಿಸಿದೆ.

ಅಮೆರಿಕದಲ್ಲಿ ಹಾಗಾಗಲಿಲ್ಲ. ಅಲ್ಲಿ ಮೇಜಿನ ಮೇಲಿದ್ದ ಒಂದೇ ಫೋನಿಗೆ ಇಬ್ಬರು ಯಜಮಾನರು. ಅದೇ ರಾಜ್ಯದೊಳಗೆ ಮಾತಾಡಿದರೆ ಆ ಕರೆ ರಾಜ್ಯ ಸರ್ಕಾರದ ಲೆಕ್ಕಕ್ಕೆ, ಗಡಿ ದಾಟಿದರೆ ವಾಷಿಂಗ್ಟನ್ನಿನ ಲೆಕ್ಕಕ್ಕೆ. ಈ ಗಡಿಯನ್ನು ಎಲ್ಲಿ ಎಳೆಯಬೇಕು ಎಂಬ ಜಗಳ ನೂರು ವರ್ಷ ದಾಟಿದರೂ ಮುಗಿದಿಲ್ಲ. ಇದು ವಕೀಲರ ವ್ಯಾಜ್ಯವಾಗಿ ಮಾತ್ರ ಉಳಿದಿದ್ದರೆ ನಾವು ತಲೆಕೆಡಿಸಿಕೊಳ್ಳಬೇಕಿರಲಿಲ್ಲ. ನ್ಯೂಯಾರ್ಕಿನ ಬಡ ಮನೆಯೊಂದಕ್ಕೆ ತಿಂಗಳಿಗೆ 15 ಡಾಲರಿಗೆ ಇಂಟರ್ನೆಟ್ ಸಿಗಬೇಕೋ ಬೇಡವೋ ಎಂಬುದೂ ಕೊನೆಗೆ ಈ ಜಗಳದಲ್ಲೇ ತೀರ್ಮಾನವಾಯಿತು.

ಅಲ್ಲಿ ದೂರವಾಣಿ ಹುಟ್ಟಿದ್ದೇ ಖಾಸಗಿ ಕಂಪನಿಗಳ ಕೈಯಲ್ಲಿ. ಬೆಲ್ ಕಂಪನಿಯ ಮೂಲ ಪೇಟೆಂಟುಗಳ ಅವಧಿ 1890ರ ದಶಕದಲ್ಲಿ ಮುಗಿದಾಗ ಊರೂರಿಗೂ ಸಣ್ಣ ಕಂಪನಿಗಳು ಎದ್ದವು. ಕರೆಗಳೆಲ್ಲ ಹೆಚ್ಚುಕಡಿಮೆ ಆ ಊರಿನೊಳಗಿನವೇ ಆದ್ದರಿಂದ, ದರ ನೋಡಿಕೊಳ್ಳುವ ಕೆಲಸ ಸಹಜವಾಗಿ ನಗರಸಭೆಗಳಿಗೂ ರಾಜ್ಯಗಳಿಗೂ ಬಂತು. 1907ರಲ್ಲಿ ವಿಸ್ಕಾನ್ಸಿನ್ ತನ್ನ ರೈಲ್ವೆ ಆಯೋಗಕ್ಕೆ ದೂರವಾಣಿಯ ಮೇಲೂ ಅಧಿಕಾರ ಕೊಟ್ಟಿತು. ಅದೇ ವರ್ಷ ನ್ಯೂಯಾರ್ಕಿನ ಗವರ್ನರ್ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಸಾರ್ವಜನಿಕ ಸೇವೆಗಳಿಗೊಂದು ಆಯೋಗ ಕಟ್ಟಿದರು. ಈ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ. 1910ರಲ್ಲಿ ಕಾಂಗ್ರೆಸ್ಸು ಅಂತರರಾಜ್ಯ ಕರೆಗಳನ್ನು ಕೇಂದ್ರದ ಅಂತರರಾಜ್ಯ ವಾಣಿಜ್ಯ ಆಯೋಗಕ್ಕೆ ವಹಿಸಿತು. ಆದರೆ ರೈಲು ದರಗಳಲ್ಲೇ ಮುಳುಗಿದ್ದ ಆ ಆಯೋಗ ಫೋನಿನತ್ತ ಹೆಚ್ಚು ತಿರುಗಿ ನೋಡಲಿಲ್ಲ.

ಒಂದೇ ಒಂದು ವರ್ಷ ಅಮೆರಿಕವೂ ನಮ್ಮಂತೆ ಇತ್ತು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1918ರ ಆಗಸ್ಟ್ 1ರಂದು, ಅಧ್ಯಕ್ಷ ವಿಲ್ಸನ್ ದೇಶದ ಫೋನ್ ಜಾಲವನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡು ಅಂಚೆ ಇಲಾಖೆಯ ಮುಖ್ಯಸ್ಥ ಆಲ್ಬರ್ಟ್ ಬರ್ಲ್‌ಸನ್ ಕೈಗೆ ಕೊಟ್ಟರು. ದರ ಇಳಿಯುತ್ತದೆಂದು ಕಾದವರಿಗೆ ಸಿಕ್ಕಿದ್ದು ಏರಿಕೆ. ನಮ್ಮ ರಾಜ್ಯದೊಳಗಿನ ದರ ಏರಿಸಲು ನೀವು ಯಾರು ಎಂದು ಸೌತ್ ಡಕೋಟ ನ್ಯಾಯಾಲಯಕ್ಕೆ ಹೋಯಿತು. ಯುದ್ಧಕಾಲದ ಅಧಿಕಾರದ ಮುಂದೆ ರಾಜ್ಯದ ಮಾತು ನಡೆಯದೆಂದು 1919ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎರಡು ತಿಂಗಳೊಳಗೆ ಜಾಲ ಮತ್ತೆ ಕಂಪನಿಗಳ ಕೈ ಸೇರಿತು. ಆ ಪ್ರಯೋಗದ ಮಾತನ್ನು ಆಮೇಲೆ ಗಟ್ಟಿಯಾಗಿ ಎತ್ತಿದವರು ಕಡಿಮೆ.

ನಿಜವಾದ ಕಗ್ಗಂಟು ಸಿಕ್ಕಿದ್ದು ಷಿಕಾಗೋದಲ್ಲಿ. ಅಲ್ಲಿ ನಾಣ್ಯ ಹಾಕಿ ಮಾತಾಡುವ ಒಂದು ಬಗೆಯ ಫೋನಿನ ದರವನ್ನು ಇಲಿನಾಯ್ ರಾಜ್ಯದ ಆಯೋಗ 1923ರಲ್ಲಿ ಇಳಿಸಿತು. ಇದರಿಂದ ನಷ್ಟವಾಗುತ್ತದೆ ಎಂದು ಕಂಪನಿ ನ್ಯಾಯಾಲಯದ ಮೆಟ್ಟಿಲೇರಿತು. ನಷ್ಟವೋ ಲಾಭವೋ ತಿಳಿಯಬೇಕಾದರೆ ಖರ್ಚಿನ ಲೆಕ್ಕ ಬೇಕು. ಆದರೆ ಗೋಡೆಗೆ ತಗುಲಿಹಾಕಿದ ಫೋನು, ಅಲ್ಲಿಂದ ಎಕ್ಸ್‌ಚೇಂಜಿನವರೆಗಿನ ತಂತಿ, ಎಕ್ಸ್‌ಚೇಂಜಿನ ಸ್ವಿಚ್‌ಬೋರ್ಡು, ಇವೆಲ್ಲ ಲೋಕಲ್ ಕರೆಗೂ ದೂರದ ಕರೆಗೂ ಒಟ್ಟಿಗೇ ದುಡಿಯುತ್ತವೆ. ಇವುಗಳ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯುವುದು? 1930ರಲ್ಲಿ ಸುಪ್ರೀಂ ಕೋರ್ಟ್ ಪಾಲು ಮಾಡಲೇಬೇಕು ಎಂದಿತು: ರಾಜ್ಯದೊಳಗಿನ ಬಳಕೆಗೆ ಇಷ್ಟು, ಅಂತರರಾಜ್ಯ ಬಳಕೆಗೆ ಇಷ್ಟು ಎಂದು ಬೇರ್ಪಡಿಸದೆ ದರ ನ್ಯಾಯವೋ ಅನ್ಯಾಯವೋ ಹೇಳಲಾಗದು. ತೀರ್ಪು ಬರೆದವರು ಆಗಿನ ಮುಖ್ಯ ನ್ಯಾಯಮೂರ್ತಿ, ಅದೇ ಹ್ಯೂಸ್.

ನಾಲ್ಕು ವರ್ಷದ ನಂತರ ರೂಸ್‌ವೆಲ್ಟ್ ಸಹಿ ಹಾಕಿದ 1934ರ ಸಂವಹನ ಕಾಯ್ದೆ ಈ ಗೆರೆಯನ್ನೇ ಶಾಸನ ಮಾಡಿತು. ಅಂತರರಾಜ್ಯ ಮತ್ತು ವಿದೇಶಿ ಕರೆಗಳಿಗೆ ಎಫ್‌ಸಿಸಿ ಎಂಬ ಹೊಸ ಕೇಂದ್ರ ಆಯೋಗ ಬಂತು. ರಾಜ್ಯದೊಳಗಿನ ಸೇವೆ, ದರಗಳಿಗೆ ಅದು ಕೈ ಹಾಕಬಾರದೆಂದು ಎರಡನೆಯ ಸೆಕ್ಷನ್ನಿನಲ್ಲೇ ಬರೆಯಲಾಯಿತು. ಹಾಗೆ ಬರೆಯಿಸಲು ಪಟ್ಟು ಹಿಡಿದವರು ರಾಜ್ಯಗಳ ಆಯುಕ್ತರೇ.

ಕಾಗದದ ಮೇಲಿನ ಈ ಪಾಲು ಜನರ ಜೇಬನ್ನು ಮುಟ್ಟಿತು. ಹಂಚಿಕೆಯ ಖರ್ಚಿನಲ್ಲಿ ಎಷ್ಟನ್ನು ದೂರದ ಕರೆಗೆ ದಾಟಿಸಿದರೆ ಅಷ್ಟು ಲೋಕಲ್ ಬಿಲ್ಲು ಇಳಿಯುತ್ತದೆ. ತಂತ್ರಜ್ಞಾನ ಬೆಳೆದಂತೆ ದೂರದ ಕರೆಯ ನಿಜವಾದ ಖರ್ಚು ಕುಸಿಯುತ್ತಿತ್ತು. ರಾಜ್ಯದ ಆಯುಕ್ತರು ಆ ಉಳಿತಾಯವನ್ನು ಲೋಕಲ್ ಲೆಕ್ಕಕ್ಕೆ ಎಳೆದುಕೊಳ್ಳುತ್ತ ಹೋದರು. ದೊಡ್ಡ ಕಚೇರಿಯೊಂದು ಕ್ಯಾಲಿಫೋರ್ನಿಯಾಕ್ಕೆ ಮಾಡಿದ ಕರೆ ಹಳ್ಳಿಯ ಮನೆಯ ತಿಂಗಳ ಬಿಲ್ಲನ್ನು ತಗ್ಗಿಸುತ್ತಿತ್ತು. 1984ರ ಜನವರಿ 1ರಂದು ಎಟಿ ಅಂಡ್ ಟಿ ಒಡೆದು, ಲೋಕಲ್ ಕಂಪನಿಗಳು ಬೇರೆಯಾದಾಗ ಈ ಒಳಹರಿವು ಕಟ್ಟತೊಡಗಿತು. 1985ರಲ್ಲಿ ಎಫ್‌ಸಿಸಿ ಪ್ರತಿ ಮನೆಯ ಫೋನಿಗೂ ತಿಂಗಳಿಗೆ ಒಂದು ಡಾಲರ್ ಶುಲ್ಕ ಹೇರಿತು. ಒಂದೇ ಒಂದು ದೂರದ ಕರೆ ಮಾಡದವರೂ ಅದನ್ನು ಕಟ್ಟಬೇಕಿತ್ತು.

ಗೆರೆ ಅಳಿಸಿದ್ದು ಇಂಟರ್ನೆಟ್. ಇಂಟರ್ನೆಟ್ ಮೂಲಕ ಫೋನ್ ಸೇವೆ ಕೊಡುತ್ತಿದ್ದ ವಾನೇಜ್ ಕಂಪನಿಗೆ 2003ರಲ್ಲಿ ಮಿನ್ನೆಸೋಟ ರಾಜ್ಯದ ಆಯೋಗ, ನೀನೂ ಫೋನ್ ಕಂಪನಿಯೇ, ನಮ್ಮ ನಿಯಮ ಪಾಲಿಸು ಎಂದಿತು. ಆದರೆ ಮಿನ್ನೆಸೋಟದ ನಂಬರ್ ಇಟ್ಟುಕೊಂಡವನು ಫ್ಲಾರಿಡಾದಲ್ಲಿ ಕೂತು ಮಾತಾಡಬಹುದು. ಕರೆ ಎಲ್ಲಿ ಹುಟ್ಟಿತೆಂದೇ ಗೊತ್ತಾಗದ ಮೇಲೆ ಪಾಲು ಮಾಡುವುದು ಹೇಗೆ? ಬೇರ್ಪಡಿಸಲಾಗದ್ದರಿಂದ ಇದು ನಮ್ಮದು ಎಂದು 2004ರಲ್ಲಿ ಎಫ್‌ಸಿಸಿ ಹೇಳಿ ರಾಜ್ಯದ ಆದೇಶವನ್ನು ತಳ್ಳಿಹಾಕಿತು.

ಕೇಂದ್ರ ಗೆದ್ದಂತೆ ಕಾಣುತ್ತದೆ. ಆದರೆ ಕಥೆ ತಿರುವು ಪಡೆದದ್ದು ಬ್ರಾಡ್‌ಬ್ಯಾಂಡಿನಲ್ಲಿ. 2015ರಲ್ಲಿ ಎಫ್‌ಸಿಸಿ ಬ್ರಾಡ್‌ಬ್ಯಾಂಡನ್ನು ಫೋನಿನಂಥ ಸಾರ್ವಜನಿಕ ಸೇವೆ ಎಂದು ವರ್ಗೀಕರಿಸಿ, ಎಲ್ಲ ಜಾಲತಾಣಗಳಿಗೂ ಸಮಾನ ದಾರಿ ಇರಬೇಕೆಂಬ ನಿಯಮ ತಂದಿತು. ಅಧ್ಯಕ್ಷರು ಬದಲಾದರು. 2017ರ ಡಿಸೆಂಬರ್‌ನಲ್ಲಿ ಅದೇ ಆಯೋಗ, ಇದು ಬರೀ ಮಾಹಿತಿ ಸೇವೆ, ನಮಗೆ ಇಂಥ ನಿಯಮ ಮಾಡುವ ಅಧಿಕಾರವಿಲ್ಲ ಎಂದು ಕೈ ತೊಳೆದುಕೊಂಡಿತು. ಜೊತೆಗೆ ರಾಜ್ಯಗಳೂ ಇಂಥ ನಿಯಮ ಮಾಡಕೂಡದೆಂದು ಸೇರಿಸಿತು. 2019ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಮೊದಲನೆಯದನ್ನು ಒಪ್ಪಿತು, ಎರಡನೆಯದನ್ನು ರದ್ದು ಮಾಡಿತು. ನಿನಗೇ ಇಲ್ಲವೆಂದ ಅಧಿಕಾರವನ್ನು ಬಳಸಿ ಇನ್ನೊಬ್ಬರನ್ನು ತಡೆಯುವುದು ಹೇಗೆ ಎಂಬುದು ಅದರ ತರ್ಕ.

ಆ ತೆರೆದ ಬಾಗಿಲಿನಲ್ಲಿ ರಾಜ್ಯಗಳು ಒಳಗೆ ಬಂದವು. ಕ್ಯಾಲಿಫೋರ್ನಿಯಾ 2018ರಲ್ಲೇ ತನ್ನದೇ ಸಮಾನ ದಾರಿಯ ಕಾಯ್ದೆ ಮಾಡಿತ್ತು, ಅದು ಉಳಿಯಿತು. ನ್ಯೂಯಾರ್ಕ್ 2021ರಲ್ಲಿ ಇನ್ನೂ ಮುಂದೆ ಹೋಯಿತು. ಸರ್ಕಾರದ ಆಹಾರ ನೆರವು, ಶಾಲೆಯ ಉಚಿತ ಊಟದಂಥ ಸೌಲಭ್ಯಗಳಿಗೆ ಅರ್ಹವಾದ ಮನೆಗಳಿಗೆ 25 ಎಂಬಿಪಿಎಸ್ ವೇಗದ ಸೇವೆಯನ್ನು 15 ಡಾಲರಿಗೆ, ಇಲ್ಲವೇ 200 ಎಂಬಿಪಿಎಸ್ ಸೇವೆಯನ್ನು 20 ಡಾಲರಿಗೆ ಕೊಡಬೇಕೆಂದಿತು. ಮಕ್ಕಳ ಪಾಠವೇ ಇಂಟರ್ನೆಟ್ ಮೇಲೆ ನಡೆದ ಕೋವಿಡ್ ಕಾಲ ಅದು. ಕಂಪನಿಗಳು ತಡೆಯಾಜ್ಞೆ ತಂದವು. 2024ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ರಾಜ್ಯದ ಪರ ನಿಂತಿತು, ಸುಪ್ರೀಂ ಕೋರ್ಟ್ ಮಧ್ಯೆ ಬರಲು ಒಪ್ಪಲಿಲ್ಲ, 2025ರ ಜನವರಿ 15ರಂದು ಕಾಯ್ದೆ ಜಾರಿಯಾಯಿತು. ಎಟಿ ಅಂಡ್ ಟಿ ಕಂಪನಿ ಮನೆಗಳಿಗೆ ಕೊಡುತ್ತಿದ್ದ 5ಜಿ ಇಂಟರ್ನೆಟ್ ಸೇವೆಯನ್ನು ಆ ರಾಜ್ಯದಲ್ಲಿ ನಿಲ್ಲಿಸಿಬಿಟ್ಟಿತು. ದರ ಕಟ್ಟಿಹಾಕಿದರೆ ಕೊಡುವವರು ಹಿಂದೆ ಸರಿಯಬಹುದು ಎಂಬುದೂ ಲೆಕ್ಕಕ್ಕೆ ಬರಬೇಕಾದ ಮಾತೇ.

ಹಾಗೆಂದು ರಾಜ್ಯ ಯಾವಾಗಲೂ ಬಡವನ ಪರ, ಕೇಂದ್ರ ಯಾವಾಗಲೂ ಕಂಪನಿಯ ಪರ ಎಂದುಕೊಂಡರೆ ತಪ್ಪಾದೀತು. ಟೆನೆಸ್ಸಿಯ ಚಟ್ಟನೂಗ ನಗರದ ವಿದ್ಯುತ್ ಸಂಸ್ಥೆ 2010ರಲ್ಲೇ ಮನೆಮನೆಗೆ ಗಿಗಾಬಿಟ್ ಇಂಟರ್ನೆಟ್ ತಲುಪಿಸಿತ್ತು. ಸುತ್ತಲಿನ ಹಳ್ಳಿಯವರು ನಮಗೂ ಕೊಡಿ ಎಂದರು. ವಿದ್ಯುತ್ ಕೊಡುವ ವ್ಯಾಪ್ತಿಯಾಚೆ ಹೋಗಬಾರದೆಂದು ತಡೆದದ್ದು ರಾಜ್ಯದ ಕಾಯ್ದೆ. ಆ ತಡೆ ತೆಗೆಯಲು ಹೊರಟದ್ದು ಎಫ್‌ಸಿಸಿ. 2016ರಲ್ಲಿ ನ್ಯಾಯಾಲಯ ರಾಜ್ಯದ ಮಾತನ್ನೇ ಎತ್ತಿಹಿಡಿಯಿತು. ಹಳ್ಳಿಯವರಿಗೆ ಆ ಸೇವೆ ಸಿಗಲಿಲ್ಲ.

ಇಬ್ಬರು ಯಜಮಾನರಿದ್ದರೆ ಗೊಂದಲ, ತಡ, ವಕೀಲರ ಫೀಸು ತಪ್ಪಿದ್ದಲ್ಲ. ಆದರೆ ಒಬ್ಬ ಮುಖ ತಿರುಗಿಸಿದಾಗ ಹೋಗಿ ತಟ್ಟಲು ಇನ್ನೊಂದು ಬಾಗಿಲಾದರೂ ಇರುತ್ತದೆ. ನ್ಯೂಯಾರ್ಕಿನ ಮನೆಗಳಿಗೆ ಸಿಕ್ಕಿದ್ದು ಆ ಎರಡನೆಯ ಬಾಗಿಲು.

ನಮ್ಮಲ್ಲಿ ದರ ನೋಡಿಕೊಳ್ಳುವುದು 1997ರಲ್ಲಿ ಹುಟ್ಟಿದ ಟ್ರಾಯ್ ಒಂದೇ. ಅದು ಎಚ್ಚರವಾಗಿದ್ದರೆ ದೇಶಕ್ಕೆಲ್ಲ ಲಾಭ. 2016ರ ಫೆಬ್ರವರಿಯಲ್ಲಿ, ಯಾವ ತಾಣ ನೋಡುತ್ತೀರಿ ಎಂಬುದರ ಮೇಲೆ ಬೇರೆ ಬೇರೆ ದರ ಹಾಕುವುದನ್ನು ಅದು ಒಂದೇ ಆದೇಶದಲ್ಲಿ ನಿಷೇಧಿಸಿತು. ಅಮೆರಿಕಕ್ಕೆ ಇವತ್ತಿಗೂ ಅದು ಸಾಧ್ಯವಾಗಿಲ್ಲ. ಆದರೆ ಬಡ ಮನೆಗಳಿಗೆ ಇಷ್ಟೇ ದರಕ್ಕೆ ಕೊಡಿ ಎಂದು ಕಂಪನಿಗಳಿಗೆ ಕಾನೂನಿನಿಂದ ಹೇಳಲು ಕರ್ನಾಟಕಕ್ಕಾಗಲಿ ಮಹಾರಾಷ್ಟ್ರಕ್ಕಾಗಲಿ ಅವಕಾಶವಿಲ್ಲ. 2017ರಿಂದ ನಿಯಮಗಳು ರಾಜ್ಯದ ಗೃಹ ಕಾರ್ಯದರ್ಶಿಗೆ ಕೊಟ್ಟಿರುವ ಅಧಿಕಾರ ಬೇರೆಯದು: ಸಾರ್ವಜನಿಕ ಸುರಕ್ಷತೆಯ ಕಾರಣಕ್ಕೆ ಇಂಟರ್ನೆಟ್ಟನ್ನೇ ನಿಲ್ಲಿಸುವುದು. ಇಂಟರ್ನೆಟ್ಟನ್ನು ಅಗ್ಗ ಮಾಡಲಾಗದ ರಾಜ್ಯ ಅದನ್ನು ಕಡಿಯಬಲ್ಲದು. ಎಸ್‌ಟಿಡಿ ಮೀಟರಿನ ಕೆಂಪು ಅಂಕಿ ನೋಡುತ್ತ ನಿಂತಿದ್ದಾಗ, ಈ ದರ ಇಳಿಸಿ ಎಂದು ಯಾರನ್ನು ಕೇಳಬೇಕೆಂದು ನಮಗೆ ತಿಳಿದಿರಲಿಲ್ಲ. ತಿಂಗಳ ಡೇಟಾ ಪ್ಯಾಕಿನ ಬೆಲೆ ಏರಿದಾಗ ಈಗಲೂ ನಾವು ಅದೇ ಜಾಗದಲ್ಲಿ ನಿಂತಿದ್ದೇವೆ.